ಒಂದೇ ಕರಡಿಗೆಯಲ್ಲಿ ಎರಡು ಲಿಂಗ

ಫೆಬ್ರುವರಿ 6, ಗುರುವಾರ

ಈ ಡೈರಿ ನಮ್ಮ ಯಜಮಾನರದು. ನಿವೃತ್ತರಾಗಿ ಮೂರು ವರ್ಷವಾದರೂ ಬ್ಯಾಂಕಿನವರು ಹೊಸ ವರ್ಷಕ್ಕೆ ಡೈರಿ ಕಳಿಸುವುದನ್ನು ಬಿಟ್ಟಿರಲಿಲ್ಲ. ಮೊದಲ ಪುಟದಲ್ಲಿ ಶಿವಶರಣ ಅಂತ ಹೆಸರು ಬರೆದು, ರಕ್ತದ ಗುಂಪು ಬರೆದು, ಅಷ್ಟಕ್ಕೇ ಬಿಟ್ಟಿದ್ದಾರೆ. ಜನವರಿ ಹದಿನೇಳಕ್ಕೆ ತೀರಿಕೊಂಡರು. ಉಳಿದ ಪುಟ ಯಾಕೆ ಹಾಳಾಗಬೇಕು ಅಂತ ನಾನು ಶುರುಮಾಡಿದ್ದೇನೆ. ಮೂವತ್ತೊಂದು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕನ್ನಡ ಟೀಚರಿಗೆ ತನ್ನದೊಂದು ಪುಟ ಬರೆಯಲು ಬೆಳಗಿನಿಂದ ಆಗಿಲ್ಲ. ಇದಕ್ಕೆ ಹತ್ತಕ್ಕೆ ಎರಡು ಅಂಕ.

ಬರೆಯಬೇಕಾದದ್ದು ಒಂದೇ ಮಾತು. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆಯುತ್ತಿದ್ದೇನೆ. ಸಾಕು.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಅವರು ಹನ್ನೊಂದು ದಿನ ಇದ್ದರು. ಒಳಗೆ ಕರೆದೊಯ್ಯುವಾಗ ನರ್ಸ್ ಹುಡುಗಿ, "ಅಮ್ಮಾ, ಕೊಳ್ಳಾಗಿಂದೆಲ್ಲ ತಗದೀವ್ರಿ, ನಿಮ್ಮ ಹತ್ರ ಇಟಗೊರ್ರಿ" ಅಂತ ಅವರ ಇಷ್ಟಲಿಂಗವನ್ನು ನನ್ನ ಕೈಗಿಟ್ಟಳು. ಲಿಂಗ ಮೈಮೇಲಿರಬೇಕು, ಪರ್ಸಿನಲ್ಲಿ ಇಡುವ ವಸ್ತುವಲ್ಲ. ನನ್ನ ಕೊರಳಿನ ಬೆಳ್ಳಿ ಕರಡಿಗೆಯನ್ನು ತೆರೆದು, ನನ್ನ ಲಿಂಗದ ಪಕ್ಕದಲ್ಲೇ ಅವರದನ್ನೂ ಇಟ್ಟು ಮುಚ್ಚಿದೆ. ಹನ್ನೊಂದು ದಿನ ಎರಡೂ ನನ್ನ ಎದೆಯ ಮೇಲಿದ್ದವು.

ಕಮಲಾಪುರದ ನಮ್ಮ ಹೊಲದಲ್ಲಿ, ಸಮಾಧಿಯ ಕುಣಿಯೊಳಗೆ ಅವರನ್ನು ಕೂರಿಸಿದ್ದಾಯಿತು. ರೇವಣಯ್ಯ ಸ್ವಾಮಿಗಳು ಕುಣಿಯೊಳಗೆ ನಿಂತು ಮೇಲೆ ಕೈಚಾಚಿ, "ಲಿಂಗ ಕೊಡ್ರಿ ತಾಯಿ" ಅಂದರು. ಕರಡಿಗೆ ತೆರೆದು ಒಂದನ್ನು ಕೊಟ್ಟೆ. ಕೂತಿದ್ದ ಇವರ ಎಡಗೈಯಲ್ಲಿ ಅದನ್ನಿಟ್ಟು, ಪತ್ರಿ ಇಟ್ಟು, ವಿಭೂತಿ ತುಂಬಿದರು. ಮಣ್ಣು ಬಿತ್ತು.

ಮೂರನೆಯ ದಿನ ಪೂಜೆಗೆ ಕೂತಾಗ ಗೊತ್ತಾಯಿತು. ನನ್ನ ಅಂಗೈಯಲ್ಲಿದ್ದದ್ದು ಅವರ ಲಿಂಗ. ಅವಸರದಲ್ಲಿ, ಜನರ ಗದ್ದಲದಲ್ಲಿ, ತಪ್ಪಿ ನನ್ನದನ್ನು ಕೊಟ್ಟುಬಿಟ್ಟಿದ್ದೇನೆ.

ಫೆಬ್ರುವರಿ 7, ಶುಕ್ರವಾರ

ನಿನ್ನೆ ಬರೆದದ್ದನ್ನು ಓದಿದೆ. ಕಾಗುಣಿತದ ತಪ್ಪಿಲ್ಲ.

ಹುಟ್ಟಿದ ಕೆಲವೇ ದಿನಕ್ಕೆ ಗುರುಗಳು ಕಟ್ಟಿದ ಲಿಂಗ ನನ್ನದು. ಅರವತ್ತು ವರ್ಷ ಕೊರಳು ಬಿಟ್ಟಿರಲಿಲ್ಲ. ಸಾಯುವತನಕ ಮೈಮೇಲೆ, ಸತ್ತಮೇಲೆ ಕೈಯಲ್ಲಿ, ಇಷ್ಟೇ ಲೆಕ್ಕ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಹಾಗಿಲ್ಲ, ಗಂಡನದಾದರೂ ಅಷ್ಟೇ. ಲಿಂಗಪೂಜೆಯಾಗದೆ ನಾನು ಗುಟುಕು ನೀರೂ ಕುಡಿದವಳಲ್ಲ. ಈಗ ಮಧ್ಯಾಹ್ನ ಎರಡರವರೆಗೆ ಸುಮ್ಮನೆ ಕೂತಿದ್ದು, ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು ಕಳ್ಳಬೆಕ್ಕಿನ ಹಾಗೆ ಒಣರೊಟ್ಟಿ ತಿನ್ನುತ್ತೇನೆ.

ಕಮಲಾಪುರದಲ್ಲಿರುವ ಅತ್ತೆ ಭಾಗಮ್ಮನವರಿಗೆ ಎಂಬತ್ತೆರಡು ವರ್ಷ. ಜ್ವರ ಬಂದು ಮಲಗಿದಾಗಲೂ ಪೂಜೆಯಾಗದೆ ಗುಳಿಗೆ ನುಂಗದ ಹೆಂಗಸು. ಅವರಿಗೆ ಹೇಳುವುದೇ? ಶಿವಶಿವಾ.

ಫೆಬ್ರುವರಿ 15, ಶನಿವಾರ

ಮೈದುನ ನೀಲಕಂಠನ ಫೋನು. "ವೈನಿ, ಅಣ್ಣನ ಸಮಾಧಿ ಮ್ಯಾಲ ಗದ್ದಿಗಿ ಛಲೋತ್ನಂಗ ಕಟ್ಟಸಬೇಕಂತ ಮಾಡೀವಿ. ತಳಕ್ಕ ಕಾಂಕ್ರೀಟು, ಮ್ಯಾಲ ಶಹಾಬಾದ ಫರ್ಸಿ ಕಲ್ಲು. ಮಳೀಕಿಂತ ಮೊದ್ಲ, ಜೂನದಾಗ. ಅವ್ವಂದೂ ಅದ ಆಸೆ."

ಆಗಲಿ ಅಂದೆ. ಇನ್ನೇನನ್ನಲಿ? ಕಾಂಕ್ರೀಟು ಬಿದ್ದ ಮೇಲೆ ಬಾಯಿ ಬಿಟ್ಟೂ ಪ್ರಯೋಜನವಿಲ್ಲ. ಜೂನ್ ಇನ್ನೂ ದೂರವಿದೆ ಅಂತ ಸಮಾಧಾನವೂ ಆಯಿತು. ಸಮಾಧಾನವಾದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಪಕ್ಕದ ಮನೆಯಲ್ಲೂ ಸಾವಾಗಿದೆ. ಉರ್ದು ಶಾಲೆಯ ಮಾಸ್ತರು, ಜನವರಿ ಇಪ್ಪತ್ತೆಂಟಕ್ಕೆ, ಸ್ಕೂಟರ್ ಮೇಲೆ ಕೂತಲ್ಲೇ ಎದೆನೋವು. ನಾನು ನನ್ನದೇ ಗೋಳಿನಲ್ಲಿದ್ದು ಮಾತಾಡಿಸಲು ಹೋಗಿರಲಿಲ್ಲ. ಹೋಗಬೇಕಾಗಿತ್ತು. ಒಂಬತ್ತು ವರ್ಷದ ನೆರೆ. ನೆರೆ ಅಂದರೇನು, ಗೇಟಿನಲ್ಲಿ ಕಂಡರೆ ತಲೆಯಾಡಿಸುವುದು, ಬಕ್ರೀದಿನ ಮೂರು ದಿನ ಆ ಕಡೆಯ ಅಡುಗೆಮನೆ ಕಿಟಕಿ ಮುಚ್ಚುವುದು. ನಿಜ ಹೇಳಬೇಕೆಂದರೆ ಉಳಿದ ದಿನವೂ ತೆರೆಯುತ್ತಿರಲಿಲ್ಲ.

ಫೆಬ್ರುವರಿ 18, ಮಂಗಳವಾರ

ಹೋಗಿ ಬಂದೆ. ಪಕ್ಕದ ಮನೆಯಾಕೆಯ ಹೆಸರು ಜಾಹೇದಾ. ಐವತ್ತರ ಮೇಲೆ ಇರಬಹುದು. ಮಗಳು ಲ್ಯಾಬಿನಲ್ಲಿ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ಆಕೆ ಒಬ್ಬಳೇ.

ನಾನು ಚಾಪೆಯ ಮೇಲೆ ಕೂತೆ. ಮೊದಲು ಆಕೆಯೇ, "ಟೀಚರ್, ನಿಮ್ ಸಾಹೇಬ್ರು ಹೋದಾಗ ನಾ ಬಂದು ಬಾಗಲ ತನಾ ನಿಂತು ಹೊಳ್ಳಿ ಬಂದ್ನಿರಿ. ಒಳಗ ಭಾಳ ಮಂದಿ ಇದ್ರು" ಅಂದಳು.

ಆಕೆ ಇದ್ದತ್ ಕೂತಿದ್ದಾಳೆ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಅತ್ತರು ಇಲ್ಲ, ಬಳೆ ಇಲ್ಲ. ನನಗೆ ಪಾಪ ಅನ್ನಿಸಬೇಕಿತ್ತು. ಬದಲಿಗೆ ಹೊಟ್ಟೆಕಿಚ್ಚಾಯಿತು. ಆಕೆಯ ಸೂತಕಕ್ಕೆ ಒಂದು ಕೊನೆಯ ದಿನಾಂಕ ಇದೆ. ಅವರ ಚಾಂದ್ರಮಾನದ ಲೆಕ್ಕದಲ್ಲಿ ಜೂನ್ ಐದು. ನನಗೆ ಯಾರು ಹೇಳುತ್ತಾರೆ, ಮಲ್ಲಿಕಾ, ಇಂಥ ದಿನಕ್ಕೆ ಮುಗಿಯಿತು, ಎದ್ದು ಮುಖ ತೊಳೆದುಕೋ ಅಂತ?

ನೀರು ತಂದುಕೊಟ್ಟಳು. ಬೇಡ ಅಂದೆ. ಆಕೆ ಲೋಟವನ್ನು ಸುಮ್ಮನೆ ಒಳಗೆ ತೆಗೆದುಕೊಂಡು ಹೋದಳು.

ಫೆಬ್ರುವರಿ 26, ಬುಧವಾರ

ಶಿವರಾತ್ರಿ. ಊರಿಗೆಲ್ಲ ಉಪವಾಸ, ನನಗೆ ದಿನವೂ ಅದೇ.

ಮಾರ್ಚ್ 6, ಗುರುವಾರ

ಮಾತು ಬಾಯಿ ದಾಟಿ ಹೊರಗೆ ಹೋಯಿತು. ಬಹಳ ಕೆಟ್ಟದೆನಿಸುತ್ತಿದೆ.

ಜಾಹೇದಾಗೆ ಬೇಕಾದ ತರಕಾರಿ, ಹಾಲನ್ನು ನಾನೇ ತಂದು, ಅಡುಗೆಮನೆಯ ಆ ಕಿಟಕಿ ತೆರೆದು ಕೊಡುತ್ತಿದ್ದೇನೆ. ಹೊಸ್ತಿಲು ದಾಟದವಳು ಮತ್ತೇನು ಮಾಡಬೇಕು, ಮಗಳು ಬರುವಾಗ ಜಗತ್ ಸರ್ಕಲಿನ ಬಾಡಿದ ಮೆಂತ್ಯೆ ತರುತ್ತಾಳೆ. ಅವರಿಗೆ ರಂಜಾನ್ ಉಪವಾಸದ ತಿಂಗಳು. ಇವತ್ತು ಪುದೀನಾ ಕೊಡುವಾಗ ಆಕೆ ನನ್ನ ಮುಖ ನೋಡಿ ನಕ್ಕಳು. "ಏನ್ ಟೀಚರ್, ನೀವೂ ರೋಜಾ ಹಿಡದೀರೇನು? ನಮಗರ ಸಂಜಿಕಿ ಬಿಡಂತಾರ. ನಿಮ್ ಮನಿ ಕುಕ್ಕರ್ ಎರಡು ತಿಂಗಳಿಂದ ಕೂಗಿಲ್ಲ."

ನನ್ನ ಕುಕ್ಕರಿನ ಲೆಕ್ಕ ಇಟ್ಟವರು ಈ ಲೋಕದಲ್ಲಿ ಒಬ್ಬರಿದ್ದಾರೆ ಅಂತ ಗೊತ್ತಾದದ್ದೇ ತಡ, ನಿಂತಲ್ಲೇ ಅಳು ಬಂತು. ಕಿಟಕಿಯ ಸರಳು ಹಿಡಿದುಕೊಂಡು ಎಲ್ಲ ಹೇಳಿದೆ. ನರ್ಸು, ಕರಡಿಗೆ, ಸ್ವಾಮಿಗಳ ಚಾಚಿದ ಕೈ, ಜೂನಿನ ಕಾಂಕ್ರೀಟು. ಲಿಂಗ ಅಂದರೆ ಏನು ಅಂತಲೂ ಹೇಳಬೇಕಾಯಿತು. ಅದು ದೇವರ ಮೂರ್ತಿ ಅಲ್ಲ, ನಮ್ಮ ಜೀವವನ್ನೇ ಅಂಗೈಯಲ್ಲಿಟ್ಟುಕೊಂಡು ನೋಡುವುದು ಅಂದೆ. ಮೂವತ್ತೊಂದು ವರ್ಷ ಕ್ಲಾಸಿನಲ್ಲಿ ವಚನ ಪಾಠ ಮಾಡಿದೆ. ಇಷ್ಟು ಸರಳವಾಗಿ ಒಂದು ದಿನವೂ ಹೇಳಿರಲಿಲ್ಲ.

ಜಾಹೇದಾ ಪುದೀನಾ ಕಟ್ಟನ್ನು ಕೈಯಲ್ಲೇ ಹಿಡಿದು ಎಲ್ಲ ಕೇಳಿಸಿಕೊಂಡು ಅಂದಳು. "ಟೀಚರ್, ನಮ್ಮಲ್ಲಿ ಎಲ್ಲಾ ನಿಯ್ಯತ್ ಮ್ಯಾಲ ನಡೀತದ. ಮನಸಿನಾಗ ಏನಿತ್ತು, ಅದನ್ನ ಅಲ್ಲಾ ನೋಡ್ತಾನ. ಕೈ ತಪ್ಪಿತು, ಮನಸ ತಪ್ಪಿಲ್ಲ. ನಿಮಗ ಗುನಾ ಇಲ್ಲ, ಪಾಪ ಇಲ್ಲ."

ನಾನು ಕಿಟಕಿ ಮುಚ್ಚಿದೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಮಾರ್ಚ್ 7, ಶುಕ್ರವಾರ

ನಿಯ್ಯತ್ತಂತೆ. ಇವರಿಗೇನು ಗೊತ್ತು.

ಮಾರ್ಚ್ 19, ಬುಧವಾರ

ಹನ್ನೆರಡು ದಿನ ಮಾತು ಬಿಟ್ಟಿದ್ದೆ. ಇವತ್ತು ನಾನಾಗಿಯೇ ಹೋದೆ, ಸೌತೆಕಾಯಿ ಒಂದು ನೆಪ. ಜಾಹೇದಾ ಏನೂ ಆಗದವಳಂತೆ ಬಾಗಿಲು ತೆರೆದು, "ಬರ್ರಿ, ಕುಂದರ್ರಿ" ಅಂದಳು.

ಬಿಡದೆ ವಾದಕ್ಕಿಳಿದೆ. "ನಿಮ್ಮ ದೇವರು ಮನಸ್ಸೊಂದೇ ನೋಡೋದಾದ್ರ ಹೊಸ್ತಿಲ ದಾಟಬ್ಯಾಡ, ಬಳಿ ಹಾಕ್ಕೋಬ್ಯಾಡ ಅಂತ ಇಷ್ಟೆಲ್ಲ ಯಾಕ್ರಿ?"

ಆಕೆಗೆ ಸಿಟ್ಟು ಬರಬಹುದೆಂದುಕೊಂಡೆ. ಬರಲಿಲ್ಲ. "ನನಗ ಹೊಸ್ತಿಲದ್ದು ತ್ರಾಸಿಲ್ರಿ. ಖರೇ ಹೇಳ್ಲೇನು? ನಮ್ಮಲ್ಲಿ ಹೆಣ್ಮಕ್ಳು ಮಣ್ಣಿಗಿ ಹೋಗಂಗಿಲ್ಲ. ಮಾಸ್ತರ್‌ನ ಎತ್ತಿ ಒಯ್ದ್ರು, ನಾ ಬಾಗಲ ಹಿಂದ ನಿಂತಿದ್ನಿ. ಅವ್ರು ಎಲ್ಲಿ ಮಲಗ್ಯಾರ, ಯಾವ ಬಾಜೂಕ ಮಲಗ್ಯಾರ, ನಾ ನೋಡೇ ಇಲ್ಲ. ನೀವು ನಿಮ್ ಕೈಲೆ ಕೊಟ್ಟೀರಿ. ತಪ್ಪೇ ಕೊಟ್ಟೀರಿ, ಆದ್ರ ನಿಮ್ ಕೈಲೆ. ನನಗ ಅಷ್ಟೂ ಸಿಕ್ಕಿಲ್ಲ."

"ಹಂಗಾರ ನಿಮಗ ನಿಮ್ ಧರ್ಮದ ಮ್ಯಾಲ ಸಿಟ್ಟಿಲ್ಲ?"

"ಸಿಟ್ಟದ. ನಮಾಜೂ ಅದ. ಎರಡೂ ಅವ." ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಇನ್ನೊಂದು ಕೇಳ್ರಿ. ಅಲ್ಲಾನ ಹಕ್ ಮುರದ್ರ ಅಲ್ಲಾ ಮಾಫ್ ಮಾಡ್ತಾನ. ಮನಷ್ಯಾರ ಹಕ್ ಮುರದ್ರ ಮನಷ್ಯಾರೇ ಮಾಫ್ ಮಾಡಬೇಕು, ಅದ್ರಾಗ ಅಲ್ಲಾನೂ ಕೈ ಹಾಕಂಗಿಲ್ಲ. ನಮ್ ಮಾಸ್ತರ್ ಹೋದ ಮ್ಯಾಲ ಅವ್ರ ಅಣ್ಣ ಎಲ್ಲಾರ ಮುಂದ ನಿಂತು ಕೇಳಿದ್ರು, ಇವ್ರು ಯಾರಿಗರ ಏನರ ಅಂದಿದ್ರ, ನೋಯಿಸಿದ್ರ, ಮಾಫ್ ಮಾಡ್ರಿ ಅಂತ. ನಿಮ್ ಲಿಂಗದ್ದು ದೇವ್ರ ಹಕ್ಕೋ, ಮನಷ್ಯಾರ ಹಕ್ಕೋ, ಅದನ್ನ ನೀವು ನೋಡ್ಕೋರಿ."

ಮನುಷ್ಯರ ಹಕ್ಕು ಅಂದ ಕೂಡಲೇ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಮಗ ಲಿಂಗದೊಡನೆ ಹೋಗಿದ್ದಾನೆ ಅಂತ ಆ ಜೀವ ನೆಮ್ಮದಿಯಿಂದ ಇದೆ. ಆ ನೆಮ್ಮದಿ ಸುಳ್ಳು ಅಂತ ಗೊತ್ತಿರುವುದು ನನಗೊಬ್ಬಳಿಗೇ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ಅವರ ಹಬ್ಬ. ಬೇವು-ಬೆಲ್ಲ ಕಿಟಕಿಯಿಂದ ಆ ಕಡೆ ಹೋಯಿತು, ಶೀರ್ ಖುರ್ಮಾ ಈ ಕಡೆ ಬಂತು. ಆಕೆಯದು ಹೊಸ ಬಟ್ಟೆಯಿಲ್ಲದ ಈದ್, ನನ್ನದು ಎಣ್ಣೆ ಹಚ್ಚದ ಯುಗಾದಿ. ಹಾಲು, ಶಾವಿಗೆ, ಖಾರೀಕು, ಬಾದಾಮಿ. ಬಿಸಿ ಇತ್ತು. ಎರಡು ಬಟ್ಟಲು ಕುಡಿದೆ. ಏಲಕ್ಕಿ ತುಸು ಹೆಚ್ಚಾಗಿತ್ತು, ನಾಳೆ ಹೇಳಬೇಕು.

ಏಪ್ರಿಲ್ 17, ಗುರುವಾರ

ಬಿಸಿಲು ಅಂದರೆ ಬಿಸಿಲು. ಮಾತಾಡಲು ಯಾರೂ ಇಲ್ಲ. ಜಾಹೇದಾಗೆ ಜ್ವರ, ಮಲಗಿದ್ದಾಳೆ. ದಿನವೆಲ್ಲ ಫ್ಯಾನಿನ ಸದ್ದು ಕೇಳಿದೆ. ಅವರು ಇದ್ದಾಗ ಈ ಫ್ಯಾನು ಸದ್ದು ಮಾಡುತ್ತಿತ್ತೇ?

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ರಸ್ತೆಯಲ್ಲಿ ಮೆರವಣಿಗೆ ಹೋಯಿತು. ಇಂಥ ದಿನ ಸುಳ್ಳು ಬರೆದ ಡೈರಿಯನ್ನು ಮನೆಯಲ್ಲಿಟ್ಟುಕೊಂಡು ಕೂರುವುದಕ್ಕೆ ಮನಸ್ಸಾಗಲಿಲ್ಲ. ಬರೆದುಬಿಡುತ್ತೇನೆ.

ಕೈ ತಪ್ಪಿ ಆದದ್ದಲ್ಲ. ನಾನೇ ಮಾಡಿದೆ.

ನನ್ನ ಲಿಂಗ ಸ್ವಲ್ಪ ಹಗುರ, ಒಂದು ಕಡೆ ಚಪ್ಪಟೆ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಆ ದಿನ ಕರಡಿಗೆಯೊಳಗೆ ಬೆರಳಿಟ್ಟಾಗಲೂ ಗೊತ್ತಾಯಿತು. ಇದು ನನ್ನದು, ಅದು ಅವರದು. ಸ್ವಾಮಿಗಳ ಕೈ ಕಾಯುತ್ತಿತ್ತು. ನಮ್ಮ ಯಜಮಾನರನ್ನು ಹೊತ್ತವರು ಗಂಡಸರು, ಸ್ನಾನ ಮಾಡಿಸಿದವರು ಗಂಡಸರು, ಕೂರಿಸಿದವರು ಗಂಡಸರು. ನನ್ನ ಪಾಲಿಗೆ ಬಂದದ್ದು ಆ ಒಂದು ಕ್ಷಣ. ಕುಣಿಯೊಳಗೆ ಒಬ್ಬರೇ ಕೂತಿದ್ದರು. ಮೂವತ್ತಾರು ವರ್ಷ ಜೊತೆಗಿದ್ದು, ಮಕ್ಕಳಿಲ್ಲದ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇದ್ದವರು ನಾವು. ಅವರೊಬ್ಬರೇ ಯಾಕೆ ಹೋಗಬೇಕು ಅನ್ನಿಸಿತು. ನನ್ನ ಜೀವ ಅವರ ಕೈಯಲ್ಲಿರಲಿ, ಅವರದು ನನ್ನ ಕೊರಳಲ್ಲಿರಲಿ. ನನ್ನದನ್ನು ಎತ್ತಿ ಕೊಟ್ಟೆ.

ಕೊಡುವಾಗ ಭಕ್ತಿ ಇತ್ತೇ? ಇಲ್ಲ. ಆಸೆ ಇತ್ತು. ಅವರದೇನಾದರೂ ನನಗೆ ಬೇಕಾಗಿತ್ತು, ತೆಗೆದುಕೊಂಡೆ. ಅವರನ್ನು ಕೇಳಲಿಲ್ಲ, ಅವರ ತಾಯಿಯನ್ನು ಕೇಳಲಿಲ್ಲ. ಈಗ ಅವರ ಲಿಂಗಕ್ಕೆ ಪೂಜೆ ಮಾಡಲು ಬಾರದು, ಬಿಡಲು ಆಗದು.

ಮೇ 2, ಶುಕ್ರವಾರ

ಜಾಹೇದಾಗೂ ಹೇಳಿದೆ. ಮನಸ ತಪ್ಪಿಲ್ಲ ಅಂದಿದ್ದಿರಲ್ಲ, ಮನಸೇ ತಪ್ಪಿದ್ದು, ಕೈ ಸರಿಯಾಗೇ ಇತ್ತು ಅಂದೆ.

ಸಮಾಧಾನ ಹೇಳುತ್ತಾಳೆಂದು ಕಾಯುತ್ತಿದ್ದೆ. "ಹಂಗಾರ ನಾ ಮೊದ್ಲ ಹೇಳಿದ್ದು ವಾಪಸ್ ತಗೋತೀನ್ರಿ" ಅಂದಳು. "ಇದು ಗುನಾನೇ. ನನಗೂ ಛಾನ್ಸ್ ಸಿಕ್ಕಿದ್ರ ಮಾಡ್ತಿದ್ನೇನೋ. ಆದ್ರೂ ಗುನಾನೇ. ಹೋಗಿ ಹೇಳ್ರಿ ನಿಮ್ ಅತ್ತಿಗಿ."

"ಅತ್ತಿ ಕೇಳಿ ಎದಿ ಒಡಕೊಂಡ್ರ?"

"ಒಡಕೋತಾರ. ಅದನ್ನ ನೋಡ್ಕೋತ ನಿಂದ್ರೂದೇ ನಿಮ್ ಸಜಾ."

ಎಂಥ ಹೆಂಗಸು! ಮೈ ಉರಿಯಿತು. ಆದರೆ ಕಿಟಕಿ ಮುಚ್ಚಲಿಲ್ಲ, ಅಲ್ಲೇ ನಿಂತು ಬೆಳ್ಳುಳ್ಳಿ ಬಿಡಿಸಿದೆ.

ಮೇ 14, ಬುಧವಾರ

ನೀಲಕಂಠನಿಗೆ ಫೋನ್ ಮಾಡಿದೆ. ಬಾಳೆಗೊನೆ ಹೇಗಿದೆ ಅಂತ ಕೇಳಿ ಇಟ್ಟೆ.

ಮೇ 22, ಗುರುವಾರ

ಮತ್ತೆ ಫೋನ್. ಈ ಸಲ ಮಳೆ ಬಂತಾ ಅಂತ ಕೇಳಿದೆ. ಗದ್ದಿಗೆ ಕೆಲಸ ಜೂನ್ ಒಂಬತ್ತಕ್ಕೆ ಅಂತ ಅವನೇ ಹೇಳಿದ. ಕಟ್ಟುವ ಗೌಂಡಿ ಸಾಯಬಣ್ಣ ಅವತ್ತು ಬೆಳಿಗ್ಗೆ ಬರುತ್ತಾನಂತೆ.

ಜೂನ್ 6, ಶುಕ್ರವಾರ

ಜಾಹೇದಾಳ ಇದ್ದತ್ ನಿನ್ನೆಗೆ ಮುಗಿಯಿತು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ನನ್ನ ಗೇಟಿನ ಹತ್ತಿರ ನಿಂತು ಕರೆದಳು. "ಟೀಚರ್, ಆಟೋ ತರಿಸ್ರಿ. ನನ್ನ ಸಂಗಡ ಬರ್ರಿ."

ಕಬರಸ್ತಾನಕ್ಕೆ ಹೋದೆವು. ಹೆಂಗಸರು ಒಳಗೆ ಹೋಗುವ ವಾಡಿಕೆ ಇಲ್ಲವಂತೆ, ಗೇಟಿನಲ್ಲೇ ನಿಂತೆವು. ಕಾವಲಿನ ಮುದುಕನನ್ನು ಕೇಳಿದಳು. ಅವನು ಕೋಲು ಚಾಚಿ, ಆ ಬೇವಿನ ಗಿಡದ ಆಚೆ, ಮೂರನೆಯದು ಅಂತ ತೋರಿಸಿದ. ಮಣ್ಣಿನ ಗುಡ್ಡೆ ಇಲ್ಲಿಂದಲೇ ಕಾಣುತ್ತಿತ್ತು. ಅವಳು ಎರಡೂ ಕೈಯೆತ್ತಿ ಏನೇನೋ ಹೇಳಿಕೊಂಡಳು. ಅವಳ ಪಕ್ಕದಲ್ಲಿ ನಾನೂ ಕೈಮುಗಿದು ನಿಂತೆ. ಮಾಸ್ತರ ಜೊತೆ ಒಂಬತ್ತು ವರ್ಷದಲ್ಲಿ ಒಂಬತ್ತು ಮಾತಾಡಿರಲಿಲ್ಲ. ಮಾಫ್ ಮಾಡ್ರಿ ಅಂತ ಮನಸ್ಸಿನಲ್ಲೇ ಅಂದೆ.

"ನೆಳಲದ," ಅಂದಳು ಜಾಹೇದಾ. "ಛಲೋ ಜಾಗಾ ಸಿಕ್ಕದ ಅವ್ರಿಗಿ." ಆಮೇಲೆ ಆಟೋದಲ್ಲಿ ಹಿಕ್ಕಳಿಸಿ ಅತ್ತಳು. ಅವಳ ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು ಬಂದೆ.

ಸಂಜೆ ತಾಯಿ-ಮಗಳು ಹುಮನಾಬಾದಿಗೆ ಹೊರಟರು. ಮಗಳಿಗೆ ಅಲ್ಲೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಜಾಹೇದಾಳ ಅಣ್ಣನ ಮನೆಯೂ ಅಲ್ಲೇ. ಇನ್ನು ಆ ಮನೆ ಬಾಡಿಗೆಗೆ. ಇದು ಒಂದು ತಿಂಗಳಿನಿಂದ ಗೊತ್ತಿತ್ತು. ಡೈರಿಯಲ್ಲಿ ಬರೆದಿರಲಿಲ್ಲ. ಬರೆದರೆ ನಿಜವಾಗುತ್ತದೆ ಅಂತ.

ಸಾಮಾನಿನ ಟೆಂಪೋ ಹತ್ತುವಾಗ ನನ್ನ ಕೈ ಹಿಡಿದು, "ಒಂಬತ್ತನೇ ತಾರೀಖು, ನೆನಪದಲ್ರಿ?" ಅಂದಳು.

"ಅದ ಬಿಡ್ರಿ ಮಾರಾಯ್ತಿ" ಅಂದೆ. ಸಿಟ್ಟಿನಿಂದಲೇ ಅಂದೆ. ಇಲ್ಲದಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ.

ಜೂನ್ 7, ಶನಿವಾರ

ಬಕ್ರೀದ್. ಪಕ್ಕದ ಮನೆಗೆ ಬೀಗ. ಕಿಟಕಿ ತೆರೆದೇ ಇತ್ತು, ಯಾವ ವಾಸನೆಯೂ ಬರಲಿಲ್ಲ. ದಿನವೆಲ್ಲ ಒಂದು ಮಾತನ್ನೂ ಆಡಲಿಲ್ಲ. ಸಂಜೆ ಹಾಲಿನವನಿಗೆ "ಅರ್ಧ ಲೀಟರ್" ಅಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಇಷ್ಟು ಒಬ್ಬಂಟಿಯಾಗಿ ಅವರು ಹೋದ ದಿನವೂ ಇರಲಿಲ್ಲ. ನಮ್ಮ ಜಾಹೇದಾ ಇದ್ದಿದ್ದರೆ ಬೈದಾದರೂ ಊಟ ಮಾಡಿಸುತ್ತಿದ್ದಳು.

ಜೂನ್ 9, ಸೋಮವಾರ, ಕಮಲಾಪುರ

ಬೆಳಗಿನ ಮೊದಲ ಬಸ್ಸಿಗೆ ಬಂದೆ. ಹೊಲದಲ್ಲಿ ಜಲ್ಲಿ, ಮರಳು, ಸಿಮೆಂಟು ರಾಶಿ ಬಿದ್ದಿತ್ತು. ಸಾಯಬಣ್ಣ ದಾರ ಹಿಡಿದು ಅಳತೆ ನೋಡುತ್ತಿದ್ದ. ಕೆಂಪು ಬಾಳೆಯ ಸಾಲಿನ ಬದಿಗೆ ಅತ್ತೆ ಖುರ್ಚಿಯ ಮೇಲೆ ಕೂತಿದ್ದರು. ಮಗನ ಗದ್ದಿಗೆ ಕಣ್ಣಾರೆ ನೋಡಬೇಕೆಂದು ಎತ್ತಿಸಿಕೊಂಡು ಬಂದಿದ್ದರಂತೆ. ಅವರ ಪಕ್ಕದಲ್ಲಿ ನೀಲಕಂಠನ ಹೆಂಡತಿ ಗುರುದೇವಿ.

"ನೀಲಕಂಠ, ಸಾಯಬಣ್ಣಗ ಚಾ ಕುಡದು ಬಾ ಅನ್ನು" ಅಂದೆ. ಅವನು ನನ್ನ ಮುಖ ನೋಡಿ ಎರಡನೇ ಮಾತಾಡದೆ ಕಳಿಸಿದ. ನಾನು ಅತ್ತೆಯ ಮುಂದೆ ಮಣ್ಣಿನಲ್ಲಿ ಕೂತೆ. ಕೊರಳಿನ ಕರಡಿಗೆ ತೆರೆದು ಅವರ ಲಿಂಗವನ್ನು ಅಂಗೈಯಲ್ಲಿಟ್ಟು ತೋರಿಸಿದೆ. "ಅತ್ತೀ, ಇದು ಅವ್ರದು. ಅವ್ರ ಕೈಯಾಗಿರೋದು ನಂದು. ತಪ್ಪಿ ಆಗಿಲ್ಲ. ನಾನೇ ಗೊತ್ತಿದ್ದು ಕೊಟ್ಟೀನಿ."

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹಣೆಹಣೆ ಬಡಿದುಕೊಂಡರು. "ನನ್ನ ಮಗ ಯಾರ ಲಿಂಗ ಹಿಡಕೊಂಡು ಕುಂತಾನ? ನಾ ಕಟ್ಟಸಿದ್ದ ಲಿಂಗ! ಕೂಸಿದ್ದಾಗ ನನ್ನ ಉಡಿಯಾಗ ಹಾಕ್ಕೊಂಡು ಕಟ್ಟಸಿದ್ನಿ! ಅವನ್ನ ಬರಿಗೈಲೆ ಕಳಿಸಿದಿ, ಪಾಪಿ!" ಗುರುದೇವಿ ಕೈ ಹಿಡಿಯಲು ಬಂದರೆ ಅವಳನ್ನೂ ನೂಕಿದರು. ಎದ್ದು ಹೋಗಲು ನನಗೆ ಕಾಲಿರಲಿಲ್ಲವೆಂದಲ್ಲ. ನೋಡುತ್ತ ಅಲ್ಲೇ ಕೂತೆ.

ನೀಲಕಂಠ ಕೇಳಿದ್ದು ಒಂದೇ. "ಐದು ತಿಂಗಳು ನಮಗ್ಯಾಕ ಹೇಳಲಿಲ್ಲ ವೈನಿ? ಯಾರಿಗೂ ಹೇಳಿದ್ದಿಲ್ಲೇನು?"

"ಪಕ್ಕದ ಮನಿ ಜಾಹೇದಾಗ ಹೇಳಿದ್ನಿ."

ಅವನ ಮುಖ ಸಣ್ಣದಾಯಿತು. "ಆಕಿಗಿ ಹೇಳಿದ್ರಿ. ನಮಗ ಇಲ್ಲ."

"ಆಕೀನೇ ನಿಮ್ಮ ಕಡೀ ಕಳಿಸ್ಯಾಳ" ಅಂದೆ.

ರೇವಣಯ್ಯ ಸ್ವಾಮಿಗಳನ್ನು ಕರೆಸಿದರು. ಕುಣಿ ತೆರೆಯುವ ಮಾತೇ ಬೇಡ, ಕಾಯ ಮಣ್ಣಾಗಿದೆ, ಈ ಲಿಂಗವನ್ನು ಗದ್ದಿಗೆಯ ಗರ್ಭದಲ್ಲಿಟ್ಟು ಮೇಲೆ ಕಟ್ಟಿ ಅಂದರು. ಗುರುವಾರ ತಾವೇ ಬಂದು ನನಗೆ ಹೊಸ ಲಿಂಗ ಕಟ್ಟುವುದಾಗಿ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಯಾರೂ ಕೈಚಾಚಲಿಲ್ಲ. ನಾನೇ ಬಗ್ಗಿ, ಮಣ್ಣು ಕೆದರಿದ ಜಾಗದಲ್ಲಿ ಅವರದನ್ನು ಇಟ್ಟೆ. ಬಿಡುವಾಗ ಬೆರಳು ಬಿಚ್ಚಲು ತಡವಾಯಿತು. ಸಾಯಬಣ್ಣ ಮೇಲೆ ಕಾಂಕ್ರೀಟು ಸುರಿದ.

ಅತ್ತೆ ಮನೆಗೆ ಬಂದವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಕೊರಳಲ್ಲಿ ಖಾಲಿ ಕರಡಿಗೆ ಹಾಕಿಕೊಂಡು ಬರೆಯುತ್ತಿದ್ದೇನೆ.

ಜೂನ್ 10, ಮಂಗಳವಾರ, ಕಮಲಾಪುರ

ಬೇಗ ಎದ್ದು ಸ್ನಾನ ಮಾಡಿ, ಎಂಟರ ಬಸ್ಸಿಗೆ ಕಲಬುರಗಿಗೆ ಹೋಗಿಬಿಡೋಣವೆಂದು ಚೀಲ ಕಟ್ಟಿದ್ದೆ. ಗುರುವಾರ ಬಂದರಾಯಿತು. ಒಳಗೆ ಅತ್ತೆಯ ಪೂಜೆ ಮುಗಿದ ಸದ್ದು ಕೇಳಿತು. ಗುರುದೇವಿ ಹೊರಗೆ ಬಂದು ಪಿಸುಗುಟ್ಟಿದಳು. "ಅಕ್ಕಾ, ಅವ್ವ ನೀರು ಮುಟ್ಟವಲ್ಲರು. ನಿನ್ನಿಯಿಂದ ಏನೂ ತಿಂದಿಲ್ಲ. ಯಾಕಂತ ಕೇಳಿದ್ರ ಹೇಳವಲ್ಲರು."

ನಾನು ಒಳಗೆ ಹೋಗಿ ಬಾಗಿಲಲ್ಲಿ ನಿಂತೆ. ಅತ್ತೆ ನನ್ನನ್ನು ನೋಡಲಿಲ್ಲ. ಎದುರಿನ ಮಣೆಯನ್ನು ಕೈಯಿಂದ ಮುಂದೆ ತಳ್ಳಿದರು. "ಕುಂದ್ರು."

ಕೂತೆ.

"ಕೈ ಒಡ್ಡು."

ಎಡಗೈ ಒಡ್ಡಿದೆ. ಏನೂ ಇಲ್ಲದ ಅಂಗೈ. ತಂಬಿಗೆಯಿಂದ ನನ್ನ ಬರಿ ಅಂಗೈಗೆ ನೀರೆರೆದರು. ವಿಭೂತಿ ಹಚ್ಚಿದರು. ಒಂದು ಪತ್ರಿ ಇಟ್ಟರು. "ಕಣ್ಣು ಮುಚ್ಚು" ಅಂದರು.

ಮುಚ್ಚಿದೆ. ಏನು ನೋಡಿದೆನೋ ಬರೆಯಲು ಬರುವುದಿಲ್ಲ. ಐದು ತಿಂಗಳ ಮೇಲೆ ಪೂಜೆಗೆ ಕೂತಿದ್ದೆ, ಅಷ್ಟೇ. ಕಣ್ಣು ತೆರೆದಾಗ ಅತ್ತೆ ಇನ್ನೂ ನನ್ನ ಅಂಗೈಯನ್ನೇ ನೋಡುತ್ತಿದ್ದರು.

"ಆತೇನು?"

"ಆತ್ರಿ."

"ನನ್ನ ಸಿಟ್ಟು ಹೋಗಿಲ್ಲ ಮತ್ತ. ಸಾಯೂತನಾ ಹೋಗಂಗಿಲ್ಲ" ಅಂದರು. "ಆದ್ರ ಮನ್ಯಾಗ ಒಬ್ಬಾಕಿ ಪೂಜಿ ಇಲ್ದ ಉಪಾಸ ಕುಂತಾಗ ನಾ ಹೆಂಗ ನೀರ ಕುಡೀಲಿ? ಹಿಡಿ."

ತಂಬಿಗೆಯನ್ನು ನನ್ನ ಕಡೆ ಚಾಚಿದರು. ಮೊದಲು ಹಿರಿಯರು ಕುಡಿಯಬೇಕು, ನಾನು ಬೇಡವೆಂದೆ. ಅವರು ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಕುಡಿದ ಮೇಲೆ ಅವರು ಕುಡಿದರು.